ಮೆಣಸಿನ ಚೀಲಕ್ಕೆ ಬ್ಲಾಕ್‌ಚೈನ್ ಬೇಕಾ? ಮಲೆನಾಡಿನ ರೈತ ಗುಂಪುಗಳಿಗೆ ಒಂದು ಹೋಲಿಕೆ

ಈ ವರ್ಷ ಮೂರು ಕಡೆಯಿಂದ ಒಂದೇ ಪ್ರಶ್ನೆ ಬಂತು. ಹೊಸನಗರದ ಕಡೆಯ ಒಂದು ಕಾಳುಮೆಣಸಿನ ಗುಂಪು, ಸಾಗರದ ಹತ್ತಿರ ಜೋನಿಬೆಲ್ಲ ಮಾಡುವ ನಾಲ್ಕು ಮನೆಯವರು, ಮತ್ತೆ ಕೊಪ್ಪದಲ್ಲಿ ಕಾಫಿ ತೋಟ ಇಟ್ಟುಕೊಂಡಿರುವ ಒಬ್ಬ ಗೆಳೆಯ. "ಬ್ಲಾಕ್‌ಚೈನ್ ಹಾಕಿಸಿ, ವಿಷಮುಕ್ತ ಅಂತ ಜನ ನಂಬ್ತಾರೆ, ರೇಟು ಜಾಸ್ತಿ ಸಿಗುತ್ತೆ ಅಂತ ಬಂದು ಹೇಳ್ತಿದ್ದಾರೆ. ಹಾಕಿಸೋದಾ, ಬೇಡ್ವಾ?"

ಮೂವರಿಗೂ ನಾನು ಹೇಳಿದ ಉತ್ತರ ಬೇರೆ ಬೇರೆ. ನಾನು ಸಾಫ್ಟ್‌ವೇರ್‌ನವನಲ್ಲ. ನಮ್ಮ ಗುಂಪಿನ ಮೆಣಸು ಯಾರ ಮನೆಯಿಂದ ಎಷ್ಟು ಬಂತು, ಯಾರಿಗೆ ಹೋಯಿತು ಅಂತ ಬರೆದಿಡುವವನು. ಆ ಕಡೆಯಿಂದ ನೋಡಿದರೆ ಈ ವಿಷಯ ಹೇಗೆ ಕಾಣುತ್ತದೆ ಅಂತ ಬರೆಯುತ್ತಿದ್ದೇನೆ.

ಅದು ಮಾಡುವ ಕೆಲಸ ಎಷ್ಟು

ಹಳೇ ಕಾಲದ ಲೆಕ್ಕದ ಪುಸ್ತಕ ನೋಡಿದವರಿಗೆ ಬ್ಲಾಕ್‌ಚೈನ್ ಅರ್ಥವಾಗುವುದು ಕಷ್ಟವಲ್ಲ. ಪುಟದ ಬುಡದಲ್ಲಿ ಮೊತ್ತ ಹಾಕಿ, ಮುಂದಿನ ಪುಟದ ತಲೆಗೆ "ಹಿಂದಿನ ಪುಟದಿಂದ" ಅಂತ ಅದೇ ಮೊತ್ತ ಬರೆಯುತ್ತಿದ್ದರು. ನಡುವೆ ಎಲ್ಲೋ ಒಂದು ಅಂಕಿ ತಿದ್ದಿದರೆ ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತಿದ್ದವು. ಇಲ್ಲೂ ಹಾಗೇ. ಮೊತ್ತದ ಬದಲು, ಪುಟದಲ್ಲಿರುವ ಅಷ್ಟೂ ಬರಹದ ಒಂದು ಬೆರಳಚ್ಚು ಮುಂದಿನ ಪುಟಕ್ಕೆ ಹೋಗುತ್ತದೆ. ಅದಕ್ಕೆ ಹ್ಯಾಶ್ ಅಂತಾರೆ. ಚೀಲ 14ರಲ್ಲಿ 32 ಕಿಲೋ ಇದ್ದದ್ದನ್ನು 33 ಮಾಡಿದರೆ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಜೊತೆಗೆ ರೈತರ ಗುಂಪು, ಮಂಡಿ, ಪ್ಯಾಕ್ ಮಾಡುವವರು, ಅಂಗಡಿ ಹೀಗೆ ಎಲ್ಲರ ಹತ್ತಿರವೂ ಇದೇ ಪುಸ್ತಕದ ಒಂದೊಂದು ಪ್ರತಿ ಇರುತ್ತದೆ. ಒಬ್ಬರೇ ಕೂತು ತಿದ್ದಿದರೆ ಉಳಿದವರ ಪ್ರತಿಯ ಜೊತೆ ಹೊಂದುವುದಿಲ್ಲ.

ಅಂದರೆ ಬರೆದದ್ದನ್ನು ಆಮೇಲೆ ಸದ್ದಿಲ್ಲದೆ ತಿದ್ದಲು ಬಿಡುವುದಿಲ್ಲ. ಅಷ್ಟು ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಆದರೆ ಮೊದಲೇ ತಪ್ಪು ಬರೆದರೆ?

ನಮ್ಮಲ್ಲೇ ಆದ ಕತೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ಅಂಗಳದ ಟಾರ್ಪಾಲಿನ ಮೇಲೆ ಎರಡು ಮನೆಯ ಮೆಣಸು ಒಣಗುತ್ತಿತ್ತು. ಒಂದು ಮನೆಯವರು ರಾಸಾಯನಿಕ ಹಾಕುವುದಿಲ್ಲ, ಇನ್ನೊಂದು ಮನೆಯವರು ಆ ವರ್ಷ ಹಾಕಿದ್ದರು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ. ಇದ್ದ ನಾಲ್ಕು ಜನ ಸಿಕ್ಕಿದ ಚೀಲಕ್ಕೆ ತುಂಬಿ ಜಗಲಿಗೆ ಎಳೆದೆವು. ಚೀಲದ ಚೀಟಿಗಳ ಶಾಯಿ ತೊಯ್ದು ನೀಲಿ ಮಚ್ಚೆಯಾಗಿತ್ತು. ಮರುದಿನ ಬೆಳಿಗ್ಗೆ "ಇದು ಮೇಲಿನ ಮನೆಯದ್ದೇ ಇರಬೇಕು" ಅಂತ ನೆನಪಿನಿಂದ ಹೊಸ ಚೀಟಿ ಬರೆಯಲು ಕೂತವನು ನಾನೇ. ಆರನೇ ಚೀಲದ ಹೊತ್ತಿಗೆ ಕೈ ನಿಂತಿತು. ಕೊನೆಗೆ ಅಷ್ಟನ್ನೂ ಸಾಧಾರಣ ಮೆಣಸು ಅಂತ ಮಂಡಿಗೆ ಕೊಟ್ಟೆವು. ಆ ಚೀಟಿಗಳನ್ನು ನಾನು ಮೊಬೈಲಿನಲ್ಲಿ ಬ್ಲಾಕ್‌ಚೈನಿಗೆ ಏರಿಸಿದ್ದರೆ ನನ್ನ ಊಹೆಯೇ ಅಳಿಸಲಾಗದ ಸತ್ಯವಾಗಿ ಕೂತಿರುತ್ತಿತ್ತು.

ಹಾಗಾಗಿ ಯಾವ ಕಂಪನಿ ಬಂದರೂ ನಾನು ನೋಡುವ ಮೊದಲ ಜಾಗ ಅಂಗಳ. ಚೀಲ, ಚೀಟಿ, ತೂಕ ಸರಿ ಇಲ್ಲದ ಕಡೆ ಯಾವ ತಂತ್ರಜ್ಞಾನ ತಂದರೂ ಸುಮ್ನೆ ಖರ್ಚು.

ಯಾವುದರ ಮೇಲೆ ತೂಗಬೇಕು

ನಿಮ್ಮ ದಾಖಲೆಯನ್ನು ಕೇಳುತ್ತಿರುವವರು ಯಾರು? ಶಿವಮೊಗ್ಗದ ಸಂತೆಯಲ್ಲಿ ನಿಮ್ಮ ಮುಖ ನೋಡಿ ಕೊಳ್ಳುವ ಗಿರಾಕಿಗೆ ನೀವೇ ದಾಖಲೆ. ಬೆಂಗಳೂರಿನ ಅಂಗಡಿಗೆ ಒಂದು ಪ್ರಮಾಣಪತ್ರ ಬೇಕು. ಯುರೋಪಿನ ಖರೀದಿದಾರನಿಗೆ ತೋಟದ ಅಕ್ಷಾಂಶ ರೇಖಾಂಶವೇ ಬೇಕು. ಯಾರೂ ಕೇಳದೆ ಮಾಡಿದ ದಾಖಲೆಗೆ ಯಾರೂ ದುಡ್ಡು ಕೊಡುವುದಿಲ್ಲ.

ಪುಸ್ತಕದಲ್ಲಿ ಎಷ್ಟು ಕೈ ಬರೆಯುತ್ತದೆ, ಅವರು ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆ? ನನ್ನ ಮಟ್ಟಿಗೆ ಇದೇ ಮುಖ್ಯ ಪ್ರಶ್ನೆ. ರೈತ, ಮಂಡಿ, ರಫ್ತುದಾರ, ಹಡಗಿನವರು, ಹೊರದೇಶದ ಅಂಗಡಿ ಇವರೆಲ್ಲ ಬೇರೆ ಬೇರೆ ಜನ, ಯಾರ ಪುಸ್ತಕವನ್ನೂ ಯಾರೂ ಒಪ್ಪುವುದಿಲ್ಲ ಅಂದಾಗ ಬ್ಲಾಕ್‌ಚೈನಿಗೆ ಅರ್ಥ ಇದೆ. ಒಂದೇ ಗುಂಪು ಬೆಳೆದು, ಒಣಗಿಸಿ, ಪ್ಯಾಕ್ ಮಾಡಿ, ಮಾರುವುದಾದರೆ ಬರೆಯುವ ಕೈ ಒಂದೇ. ಆಗ ಅದು ಬೀಗ ದೊಡ್ಡದು, ಪೆಟ್ಟಿಗೆ ಖಾಲಿ.

ಆಮೇಲೆ ಕಿಲೋ ಲೆಕ್ಕ. ಕಂಪನಿಯವರು ವರ್ಷದ ಬಿಲ್ ಹೇಳುತ್ತಾರೆ, ನೀವು ಅದನ್ನು ಕಿಲೋಗೆ ಇಳಿಸಿ. ಉದಾಹರಣೆಗೆ ವರ್ಷಕ್ಕೆ 3 ಲಕ್ಷ ರೂಪಾಯಿ ಅಂದರು, ನಿಮ್ಮದು 6 ಟನ್ ಮೆಣಸು ಅಂದುಕೊಳ್ಳಿ. ಕಿಲೋಗೆ 50 ರೂಪಾಯಿ ಬಿತ್ತು. ಅಷ್ಟು ಹೆಚ್ಚುವರಿ ದರ ಕೊಡುವ ಖರೀದಿದಾರ ಕೈಯಲ್ಲಿ ಇದ್ದಾನಾ? "ಮುಂದೆ ಸಿಗುತ್ತಾನೆ" ಅನ್ನುವುದು ಉತ್ತರ ಅಲ್ಲ. ಈ ಲೆಕ್ಕದಲ್ಲಿ ಎಲ್ಲರೂ ಬಿಡುವ ಒಂದು ಖರ್ಚು ಇದೆ: ದಿನಾ ಕೂತು ಮಾಹಿತಿ ತುಂಬುವವರ ಸಂಬಳ. ಬಿಲ್‌ನಲ್ಲಿ ಅದು ಇರುವುದೇ ಇಲ್ಲ.

ಜುಲೈ ತಿಂಗಳಲ್ಲಿ ನಡೆಯುತ್ತದಾ ಅಂತಲೂ ಕೇಳಿ. ಕರೆಂಟು ಮೂರು ದಿನ ಇರುವುದಿಲ್ಲ, ಟವರ್ ಬ್ಯಾಟರಿ ಸತ್ತಿರುತ್ತದೆ. ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದೂ ಅದೇ ಹೊತ್ತಿನಲ್ಲಿ. ಅಡಿಕೆ ಮರಕ್ಕೇ ಮೆಣಸಿನ ಬಳ್ಳಿ ಹಬ್ಬಿರುವುದರಿಂದ ಆ ತಾರೀಕು ಮೆಣಸಿನ ದಾಖಲೆಗೂ ಬೇಕು. ನೆಟ್‌ವರ್ಕ್ ಇಲ್ಲದೆ ಮೊಬೈಲಿನಲ್ಲಿ ಬರೆದಿಟ್ಟು ಆಮೇಲೆ ಕಳಿಸಲು ಆಗದ ಆ್ಯಪ್ ನಮಗೆ ಬೇಡ.

ಕೊನೆಯದಾಗಿ, ಕಂಪನಿ ಮುಚ್ಚಿದರೆ ನಿಮ್ಮ ದಾಖಲೆಯ ಗತಿ ಏನು? ಇದು ಸುಮ್ನೆ ಹೆದರಿಸುವ ಮಾತಲ್ಲ. ಹಡಗು ಸಾಗಣೆಗೆ ಹಡಗು ಕಂಪನಿ ಮೇರ್ಸ್ಕ್ ಮತ್ತು ಕಂಪ್ಯೂಟರ್ ಕಂಪನಿ ಐಬಿಎಂ ಸೇರಿ 2018ರಲ್ಲಿ ಟ್ರೇಡ್‌ಲೆನ್ಸ್ ಅಂತ ದೊಡ್ಡ ಬ್ಲಾಕ್‌ಚೈನ್ ವ್ಯವಸ್ಥೆ ತಂದವು. ಉದ್ಯಮದ ಎಲ್ಲರೂ ಸೇರಿ ನಡೆಸುವ ಮಟ್ಟಕ್ಕೆ ಬರಲಿಲ್ಲ ಅಂತ 2022ರ ನವೆಂಬರ್‌ನಲ್ಲಿ ಅದನ್ನು ನಿಲ್ಲಿಸುವುದಾಗಿ ಅವರೇ ಹೇಳಿದರು. ಅಷ್ಟು ದೊಡ್ಡವರದ್ದೇ ಹೀಗಾದರೆ, ಊರಿಗೆ ಬಂದು ಪವರ್‌ಪಾಯಿಂಟ್ ತೋರಿಸುವ ಸಣ್ಣ ಕಂಪನಿಯದ್ದು? ಪರಿಚಯದ ಇನ್ನೊಂದು ಗುಂಪಿನ ಜೇನಿನ ಬಾಟಲಿ ನಮ್ಮ ಮನೆಯಲ್ಲಿದೆ. ಅದರ ಕ್ಯೂಆರ್ ಸ್ಕ್ಯಾನ್ ಮಾಡಿದರೆ ಬಿಳಿ ಪುಟ ಬರುತ್ತದೆ. ಜೇನು ಇನ್ನೂ ಚೆನ್ನಾಗಿದೆ.

ಪುಸ್ತಕ, ಲಾಟ್ ನಂಬರ್, ಪಿಜಿಎಸ್

ಮೊದಲ ಆಯ್ಕೆ ಹಳೆಯದು. ನೂರು ಪುಟದ ಒಂದು ಪುಸ್ತಕ, ಪ್ರತಿ ಚೀಲಕ್ಕೆ ನಂಬರ್, ಜೊತೆಗೆ ಪಿಜಿಎಸ್ ಇಂಡಿಯಾ (ರೈತರೇ ಒಬ್ಬರಿಗೊಬ್ಬರು ಖಾತರಿ ಕೊಡುವ ಸಾವಯವ ಪ್ರಮಾಣಪತ್ರದ ಪದ್ಧತಿ) ಗುಂಪು. ಕೇಂದ್ರ ಸರ್ಕಾರದ ಈ ಪದ್ಧತಿಯಲ್ಲಿ ಕನಿಷ್ಠ ಐದು ರೈತರು ಸೇರಿ ಗುಂಪು ಮಾಡಿಕೊಂಡು ಒಬ್ಬರ ತೋಟವನ್ನು ಇನ್ನೊಬ್ಬರು ನೋಡಿ ಬರುತ್ತಾರೆ. ಸಾವಯವಕ್ಕೆ ತಿರುಗುತ್ತಿರುವ ತೋಟಕ್ಕೆ ಪಿಜಿಎಸ್ ಗ್ರೀನ್, ಪೂರ್ತಿ ತಿರುಗಿದ ಮೇಲೆ ಪಿಜಿಎಸ್ ಆರ್ಗ್ಯಾನಿಕ್. ದೇಶದೊಳಗೆ ಸಾವಯವ ಅಂತ ಮಾರಲು ಇದು ಸಾಕು. ರಫ್ತಿಗೆ ನಡೆಯುವುದಿಲ್ಲ.

ನನಗೆ ಇದು ಇಷ್ಟವಾಗುವುದಕ್ಕೆ ಕಾರಣ ಇದೆ. ಬ್ಲಾಕ್‌ಚೈನ್ ಕೈಬಿಟ್ಟ ಕೆಲಸವನ್ನೇ ಇದು ಮಾಡುತ್ತದೆ. ಪಕ್ಕದ ತೋಟದವನಿಗೆ ನಿಮ್ಮ ಮನೆಗೆ ಯಾವ ಗೊಬ್ಬರದ ಚೀಲ ಇಳಿಯಿತು ಅಂತ ಗೊತ್ತು. ಸೊಪ್ಪಿನ ಬೆಟ್ಟದಿಂದ ಗೊಬ್ಬರಕ್ಕೆ ನಿಜವಾಗಿಯೂ ಸೊಪ್ಪು ತಂದಿರಾ, ಬೆಟ್ಟ ಬೋಳು ಮಾಡಿದಿರಾ ಅಂತಲೂ ಗೊತ್ತು. ಯಾವ ಸೆನ್ಸರ್‌ಗೂ ಅಷ್ಟು ಗೊತ್ತಾಗುವುದಿಲ್ಲ. ದೋಷವೂ ಅಲ್ಲೇ ಇದೆ: ಪಕ್ಕದವನು ನೆಂಟನಾಗಿದ್ದರೆ ಕಣ್ಣು ಮುಚ್ಚುತ್ತಾನೆ. ಅದಕ್ಕೆ ನಾವು ನಮ್ಮ ಕೇರಿಯವರನ್ನು ಆಚೆ ಕೇರಿಯ ತೋಟಕ್ಕೇ ಕಳಿಸುತ್ತೇವೆ.

ಸಾಮಾನ್ಯ ಡೇಟಾಬೇಸ್ ಮತ್ತು ಕ್ಯೂಆರ್

ಪುಸ್ತಕದಲ್ಲಿರುವುದನ್ನೇ ಗೂಗಲ್ ಶೀಟ್‌ಗೋ ಚಿಕ್ಕ ಸಾಫ್ಟ್‌ವೇರಿಗೋ ಏರಿಸಿ, ಪ್ಯಾಕೆಟ್ ಮೇಲೆ ಕ್ಯೂಆರ್ ಅಂಟಿಸುವುದು. ಕೋಬೋ ಟೂಲ್‌ಬಾಕ್ಸ್, ಓಡಿಕೆ ತರಹದ ತೆರೆದ ಸಾಫ್ಟ್‌ವೇರುಗಳಲ್ಲಿ ಕನ್ನಡದಲ್ಲೇ ಫಾರಂ ಮಾಡಿ, ನೆಟ್‌ವರ್ಕ್ ಇಲ್ಲದೆಯೂ ತುಂಬಬಹುದು. ಗಿರಾಕಿ ಸ್ಕ್ಯಾನ್ ಮಾಡಿದಾಗ ತೋಟದ ಊರು, ಕೊಯ್ದ ವಾರ, ಒಣಗಿಸಿದ ರೀತಿ ಕಾಣುತ್ತದೆ. ಹತ್ತರಲ್ಲಿ ಒಂಬತ್ತು ಗಿರಾಕಿಗಳಿಗೆ ಇದಕ್ಕೂ ಬ್ಲಾಕ್‌ಚೈನಿಗೂ ವ್ಯತ್ಯಾಸವೇ ಕಾಣದು. ಎರಡೂ ಕಡೆ ಕಾಣುವುದು ಒಂದು ವೆಬ್ ಪುಟ, ಅಲ್ವಾ?

ಇದರ ನಿಜವಾದ ಲಾಭ ಬೇರೆ. ಹಸಿ ಮೆಣಸು ಒಣಗಿದಾಗ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ, ತಳಿ ನೋಡಿ ಸ್ವಲ್ಪ ಹೆಚ್ಚು ಕಡಿಮೆ. ಒಂದು ಮನೆಯಿಂದ 100 ಕಿಲೋ ಹಸಿ ಬಂದು, ಒಣಗಿದ್ದು 45 ಕಿಲೋ ಅಂತ ಬರೆದಿದ್ದರೆ ಎಲ್ಲಿಂದಲೋ ಬೇರೆ ಮೆಣಸು ಸೇರಿದೆ, ಇಲ್ಲವೇ ಸರಿಯಾಗಿ ಒಣಗಿಲ್ಲ. ಶೀಟಿನಲ್ಲಿ ಒಂದು ಸೂತ್ರ ಹಾಕಿದರೆ ಆ ಸಾಲು ಕೆಂಪಾಗುತ್ತದೆ. ಮೆಣಸಿನಲ್ಲಿ ಈ ಎಚ್ಚರ ಬೇಕೇ ಬೇಕು. ಹೊರದೇಶದ ಅಗ್ಗದ ಮೆಣಸು ಒಳಗೆ ಬಂದು ನಮ್ಮ ದರ ಬೀಳುತ್ತಿದೆ ಅಂತಲೇ ಕೇಂದ್ರ 2017ರ ಡಿಸೆಂಬರ್‌ನಲ್ಲಿ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಹಾಕಿದ್ದು. ಮಲೆನಾಡಿನದು ಅಂತ ಮಾರುವವರು ಅದು ಮಲೆನಾಡಿನದೇ ಅಂತ ತೋರಿಸಲು ತಯಾರಿರಬೇಕು.

ಇದರ ದೋಷ: ಶೀಟ್ ನಿಮ್ಮ ಕೈಯಲ್ಲೇ ಇದೆ. ರಾತ್ರೋರಾತ್ರಿ ತಿದ್ದಿದಿರಿ ಅಂತ ಯಾರಾದರೂ ಅಂದರೆ ಇಲ್ಲ ಅಂತ ತೋರಿಸುವುದು ಕಷ್ಟ.

ಪುಸ್ತಕ ನಿಮ್ಮದು, ಮುದ್ರೆ ಮಾತ್ರ ಹೊರಗಿನದು

ಆ ದೋಷಕ್ಕೆ ಅಗ್ಗದ ಮದ್ದು ಇದೆ. ಅದನ್ನು ಯಾವ ಕಂಪನಿಯೂ ಬಂದು ಹೇಳುವುದಿಲ್ಲ, ಅವರಿಗೆ ಅದರಲ್ಲಿ ಲಾಭ ಇಲ್ಲ ನೋಡಿ. ದಾಖಲೆಯನ್ನೆಲ್ಲ ನಿಮ್ಮ ಶೀಟಿನಲ್ಲೇ ಇಡಿ. ವಾರಕ್ಕೋ ತಿಂಗಳಿಗೋ ಒಮ್ಮೆ ಆ ಕಡತದ ಹ್ಯಾಶ್ ತೆಗೆದು, ಅದನ್ನು ಮಾತ್ರ ಒಂದು ಸಾರ್ವಜನಿಕ ಬ್ಲಾಕ್‌ಚೈನಿನಲ್ಲಿ ಗುರುತು ಹಾಕಿಸಿ. ಓಪನ್‌ಟೈಮ್‌ಸ್ಟಾಂಪ್ಸ್ ಅನ್ನುವ ತೆರೆದ ವ್ಯವಸ್ಥೆ ಇದನ್ನು ಪುಕ್ಕಟೆ ಮಾಡುತ್ತದೆ. ತುಂಬಾ ಜನರ ಹ್ಯಾಶ್‌ಗಳನ್ನು ಒಟ್ಟು ಮಾಡಿ ಬಿಟ್‌ಕಾಯಿನ್ ಜಾಲದಲ್ಲಿ ಒಂದೇ ನಮೂದಾಗಿ ಸೇರಿಸುತ್ತದೆ. ಮೂರು ವರ್ಷ ಆದ ಮೇಲೂ "ಈ ಕಡತ ಆ ತಾರೀಕಿಗೆ ಹೀಗೇ ಇತ್ತು" ಅಂತ ಯಾರು ಬೇಕಾದರೂ ತಾಳೆ ನೋಡಬಹುದು. ಮೊದಲ ಸಲ ಊರಿನ ಇಂಜಿನಿಯರಿಂಗ್ ಹುಡುಗನೊಬ್ಬನ ಸಹಾಯ ಬೇಕಾದೀತು. ಆಮೇಲೆ ಐದು ನಿಮಿಷದ ಕೆಲಸ. ಕಡತ ಮತ್ತು ಅದರ ಜೊತೆ ಸಿಗುವ ಪುರಾವೆ ಕಡತ ಎರಡನ್ನೂ ಎರಡು ಕಡೆ ಉಳಿಸಿಕೊಳ್ಳಿ. ಕಳೆದರೆ ಹ್ಯಾಶ್‌ನಿಂದ ದಾಖಲೆ ವಾಪಸ್ ಬರುವುದಿಲ್ಲ.

ಇನ್ನೊಂದು ಅನುಕೂಲ: ರೈತರ ಹೆಸರು, ಫೋನ್, ಸರ್ವೆ ನಂಬರ್ ಹೊರಗೆ ಹೋಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲಿ ತನ್ನ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕನ್ನು ಜನರಿಗೆ ಬರೆದಿದ್ದಾರೆ. ಅಳಿಸಲಾಗದ ಜಾಗದಲ್ಲಿ ಹೆಸರು ಬರೆದರೆ ಆಮೇಲೆ ತಲೆನೋವು.

ಖರೀದಿದಾರನ ಜಾಲಕ್ಕೆ ಸೇರುವುದು

ದೊಡ್ಡ ಕಂಪನಿಗಳ ಬ್ಲಾಕ್‌ಚೈನ್ ಅಂದರೆ ಬಹುತೇಕ ಇದು. ಬಾಗಿಲು ಹಾಕಿದ ಜಾಲ, ಒಪ್ಪಿಗೆ ಪಡೆದವರು ಮಾತ್ರ ಒಳಗೆ. ಎಲ್ಲರೂ ಹೇಳುವ ಉದಾಹರಣೆ ವಾಲ್‌ಮಾರ್ಟಿನ ಮಾವು. ಐಬಿಎಂ ಜೊತೆ ಮಾಡಿದ ಪ್ರಯೋಗದಲ್ಲಿ, ಅಮೆರಿಕದ ಅಂಗಡಿಯಲ್ಲಿದ್ದ ಹೆಚ್ಚಿದ ಮಾವಿನ ಪೊಟ್ಟಣ ಯಾವ ತೋಟದ್ದು ಅಂತ ಹುಡುಕಲು ಮೊದಲು 6 ದಿನ 18 ಗಂಟೆ 26 ನಿಮಿಷ ಹಿಡಿದಿತ್ತು. ಹೈಪರ್‌ಲೆಡ್ಜರ್ ಫ್ಯಾಬ್ರಿಕ್ ಅನ್ನುವ ಬ್ಲಾಕ್‌ಚೈನ್ ಸಾಫ್ಟ್‌ವೇರ್ ಮೇಲೆ ಕಟ್ಟಿದ ವ್ಯವಸ್ಥೆಯಲ್ಲಿ 2.2 ಸೆಕೆಂಡ್ ಸಾಕಾಯಿತು. 2018ರಲ್ಲಿ ವಾಲ್‌ಮಾರ್ಟಿನವರು ತಿನ್ನುವ ಸೊಪ್ಪು ಪೂರೈಸುವವರೆಲ್ಲ ಇದಕ್ಕೆ ಸೇರಬೇಕು ಅಂದರು.

ಈ ಅಂಕಿಯನ್ನು ನಮ್ಮೂರಿಗೆ ಬಂದವರೂ ತೋರಿಸಿದರು. ಆದರೆ ಒಂದು ನೋಡಿ. ಅಲ್ಲಿ ಉಳಿತಾಯವಾದ ಸಮಯದ ಬಹುಪಾಲು ಕಾಗದದಿಂದ ಡಿಜಿಟಲ್‌ಗೆ ಬಂದದ್ದರಿಂದ, ಎಲ್ಲರೂ ಒಂದೇ ನಮೂನೆಯಲ್ಲಿ ಬರೆದದ್ದರಿಂದ ಬಂದದ್ದು. ಸೊಪ್ಪಿನಿಂದ ಯಾರಿಗೋ ಕಾಯಿಲೆ ಬಂದಾಗ ಗಂಟೆಯೊಳಗೆ ಮೂಲ ಹಿಡಿಯಬೇಕಾದ ಅಂಗಡಿಗೆ ಅದು ದೊಡ್ಡ ವಿಷಯ. ವರ್ಷಗಟ್ಟಲೆ ಕೆಡದ ಒಣ ಮೆಣಸಿಗೆ 2.2 ಸೆಕೆಂಡಿನ ಅರ್ಜೆಂಟು ಇಲ್ಲ.

ಸೇರುವುದಾದರೆ ಖರೀದಿದಾರನೇ ಖರ್ಚು ಹಾಕಬೇಕು, ದಾಖಲೆಯ ಪ್ರತಿ ನಿಮಗೂ ಸಿಗಬೇಕು. ಇವೆರಡೂ ಕಾಗದದಲ್ಲಿ ಇಲ್ಲದಿದ್ದರೆ ಅವನು ಕಟ್ಟಿದ ಕೊಟ್ಟಿಗೆಯಲ್ಲಿ ನಿಮ್ಮ ದನ ಕಟ್ಟಿದ ಹಾಗೆ. ನಾಳೆ ಬೇರೆ ಖರೀದಿದಾರನ ಹತ್ತಿರ ಹೋಗುವಾಗ ಹಗ್ಗ ಬಿಚ್ಚಲು ಅವನನ್ನೇ ಕೇಳಬೇಕು.

ನಮ್ಮ ದೇಶದಲ್ಲೂ ಪ್ರಯತ್ನ ಆಗಿವೆ. ಕಾಫಿ ಮಂಡಳಿ 2019ರ ಮಾರ್ಚ್‌ನಲ್ಲಿ ಬ್ಲಾಕ್‌ಚೈನ್ ಆಧಾರದ ಕಾಫಿ ಇ-ಮಾರುಕಟ್ಟೆಯನ್ನು ಪ್ರಾಯೋಗಿಕವಾಗಿ ಶುರು ಮಾಡಿತು. ಸಂಬಾರ ಮಂಡಳಿ 2021ರಲ್ಲಿ ವಿಶ್ವಸಂಸ್ಥೆಯ ಯುಎನ್‌ಡಿಪಿ ಜೊತೆ ಸೇರಿ ಆಂಧ್ರದ ಮೆಣಸಿನಕಾಯಿ, ಅರಿಶಿನಕ್ಕೆ ಇಂಥದ್ದೇ ಯೋಜನೆಗೆ ಒಪ್ಪಂದ ಮಾಡಿಕೊಂಡಿತು. ಸಾವಯವ ರಫ್ತು ಮಾಡುವವರಿಗೆ ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೆಡಾದ ಟ್ರೇಸ್‌ನೆಟ್ ಅನ್ನುವ ಆನ್‌ಲೈನ್ ದಾಖಲೆ ವ್ಯವಸ್ಥೆ 2010ರಿಂದ ಇದೆ, ಅಲ್ಲಿ ನೋಂದಣಿ ಆಯ್ಕೆಯಲ್ಲ, ಕಡ್ಡಾಯ.

ಸ್ವಂತ ಬ್ಲಾಕ್‌ಚೈನ್ ಕಟ್ಟಿಸುವುದು

ಬೇಡ. ಹತ್ತು ಊರಿನ ಒಕ್ಕೂಟಕ್ಕೂ ಬೇಡ.

ಪರಿಸರದ ಮಾತು ಬಂದರೆ

"ಪರಿಸರಸ್ನೇಹಿ ಆಹಾರಕ್ಕೆ ಕರೆಂಟು ನುಂಗುವ ಬ್ಲಾಕ್‌ಚೈನಾ?" ಅಂತ ಒಬ್ಬರು ಕೇಳಿದ್ದರು. ಪ್ರಶ್ನೆ ಸರಿಯಾಗಿದೆ, ಉತ್ತರ ಮಾತ್ರ ಜಾಲದ ಮೇಲೆ ಹೋಗುತ್ತದೆ. ಬಿಟ್‌ಕಾಯಿನ್ ನಿಜವಾಗಿಯೂ ತುಂಬಾ ಕರೆಂಟು ತಿನ್ನುತ್ತದೆ. ಇಥೀರಿಯಂ ಅನ್ನುವ ಇನ್ನೊಂದು ಸಾರ್ವಜನಿಕ ಜಾಲ 2022ರ ಸೆಪ್ಟೆಂಬರ್‌ನಲ್ಲಿ ಪದ್ಧತಿ ಬದಲಿಸಿ ತನ್ನ ಬಳಕೆಯನ್ನು ಶೇ 99ಕ್ಕಿಂತ ಹೆಚ್ಚು ಇಳಿಸಿತು. ಫ್ಯಾಬ್ರಿಕ್ ತರಹದ ಮುಚ್ಚಿದ ಜಾಲಗಳಲ್ಲಿ ಮೈನಿಂಗ್ (ಕರೆಂಟು ಸುಟ್ಟು ಕಂಪ್ಯೂಟರುಗಳು ಲೆಕ್ಕ ಬಿಡಿಸುವ ಪೈಪೋಟಿ) ಅನ್ನುವುದೇ ಇಲ್ಲ. ನಾನು ಮೇಲೆ ಹೇಳಿದ ಮುದ್ರೆಯ ದಾರಿ ಬಿಟ್‌ಕಾಯಿನ್ ಮೇಲೆ ನಿಂತಿದೆ, ಅದನ್ನು ಮುಚ್ಚಿಡುವುದಿಲ್ಲ. ಸಾವಿರಾರು ಹ್ಯಾಶ್‌ಗಳು ಒಂದೇ ನಮೂದಿನಲ್ಲಿ ಹೋಗುವುದರಿಂದ ನಮ್ಮ ಪಾಲು ಚಿಕ್ಕದು. ಆದರೂ ಮನಸ್ಸಿಗೆ ಒಪ್ಪದವರು ಪ್ರತಿ ತಿಂಗಳ ಹ್ಯಾಶ್ ಅನ್ನು ಖರೀದಿದಾರರಿಗೆಲ್ಲ ಇಮೇಲ್ ಮಾಡಿಬಿಡಿ. ಹತ್ತು ಜನರ ಇನ್‌ಬಾಕ್ಸ್‌ನಲ್ಲಿ ತಾರೀಕಿನ ಸಮೇತ ಕೂತಿರುತ್ತದೆ. ಬಡವರ ಬ್ಲಾಕ್‌ಚೈನ್!

ಆ ಮೂವರಿಗೆ ಹೇಳಿದ್ದು

ಜೋನಿಬೆಲ್ಲದ ಮನೆಯವರಿಗೆ: ಏನೂ ಬೇಡ. ಅವರ ಗಿರಾಕಿಗಳು ಆಲೆಮನೆಗೇ ಬಂದು ಕಬ್ಬಿನ ಹಾಲು ಕುಡಿದು ಹೋಗುವವರು. ಡಬ್ಬಿಯ ಮೇಲೆ ಕುದಿಸಿದ ತಾರೀಕು, ಮನೆಯ ಗುರುತು, ಎಫ್‌ಎಸ್‌ಎಸ್‌ಎಐ ನೋಂದಣಿ ನಂಬರ್. ದುಡ್ಡು ಉಳಿದರೆ ಒಳ್ಳೆಯ ಮುಚ್ಚಳದ ಡಬ್ಬಿಗೆ ಹಾಕಿ ಅಂದೆ. ಸೋರುವ ಡಬ್ಬಿಯಿಂದ ಅವರಿಗೆ ಆಗಿರುವಷ್ಟು ನಷ್ಟ ಅಪನಂಬಿಕೆಯಿಂದ ಆಗಿಲ್ಲ.

ಹೊಸನಗರದ ಗುಂಪಿಗೆ: ಈ ವರ್ಷ ಪುಸ್ತಕ, ಪಿಜಿಎಸ್, ಶೀಟು. ಹಸಿ ಮತ್ತು ಒಣ ತೂಕ ಎರಡನ್ನೂ ಕಡ್ಡಾಯ ಮಾಡಿ. ಒಂದು ಸುಗ್ಗಿ ಪೂರ್ತಿ ಒಂದೂ ಚೀಲ ತಪ್ಪದೆ ಬರೆಯಲು ಬಂದರೆ ಮುಂದಿನ ವರ್ಷ ತಿಂಗಳ ಮುದ್ರೆ ಹಾಕಿಸಿ. ಕಂಪನಿಯ ಬಿಲ್ ಕಟ್ಟುವುದು ಖರೀದಿದಾರ ಕಾಗದದಲ್ಲಿ ಹೆಚ್ಚುವರಿ ದರ ಬರೆದುಕೊಟ್ಟ ಮೇಲೆ. ಅವರಲ್ಲಿ ಒಬ್ಬರಿಗೆ ಬೇಸರ ಆಯಿತು, ಪೇಪರಿನಲ್ಲಿ ಸುದ್ದಿ ಬರುತ್ತಿತ್ತು ಅಂದರು. ಅದೂ ಸುಳ್ಳಲ್ಲ. ಬ್ಲಾಕ್‌ಚೈನ್ ಅನ್ನುವ ಪದಕ್ಕೆ ಪ್ರಚಾರದ ಬೆಲೆ ಇದೆ. ಆ ಬೆಲೆ ಪ್ರಚಾರದ ಖಾತೆಯಲ್ಲೇ ಬರೆಯಲಿ ಅಂತ ನನ್ನ ಅಭಿಪ್ರಾಯ.

ಕೊಪ್ಪದ ಗೆಳೆಯನ ಕತೆ ಬೇರೆ. ಅವನ ಕಾಫಿ ಯುರೋಪಿಗೆ ಹೋಗುತ್ತದೆ. ಅರಣ್ಯನಾಶದ ವಿರುದ್ಧ ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಕಾನೂನಿನಲ್ಲಿ ಕಾಫಿ ಇದೆ, ಕಾಳುಮೆಣಸು ಇಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ತೋರಿಸಬೇಕು, ಪ್ರತಿ ತೋಟದ ಜಾಗದ ಗುರುತು ಕೊಡಬೇಕು. 4 ಹೆಕ್ಟೇರ್ ಮೀರಿದ ತೋಟಕ್ಕೆ ಸುತ್ತಲಿನ ಗಡಿ ಬಿಂದುಗಳೂ ಬೇಕು. ಜಾರಿಯ ದಿನಾಂಕ ಒಂದಲ್ಲ ಎರಡು ಸಲ ಮುಂದೆ ಹೋಗಿದೆ, ಆದರೆ ಅವನ ರಫ್ತುದಾರ ಈಗಲೇ ಕೇಳುತ್ತಿದ್ದಾನೆ. ಆ ಕಾನೂನು ಬ್ಲಾಕ್‌ಚೈನ್ ಬೇಕು ಅಂತ ಎಲ್ಲೂ ಹೇಳಿಲ್ಲ. ಆದರೆ ತೋಟ, ಕಾಫಿಯ ಸಿಪ್ಪೆ ಬಿಡಿಸಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್, ರಫ್ತುದಾರ, ಅಲ್ಲಿ ಕಾಫಿ ಹುರಿಯುವವರು ಹೀಗೆ ನಾಲ್ಕೈದು ಬೇರೆ ಕೈಗಳು ಬರೆಯುವ ಪುಸ್ತಕ ಅದು. ರಫ್ತುದಾರನ ಜಾಲ ಇದ್ದರೆ ಸೇರು, ಮೊದಲು ನಿನ್ನ ಗಡಿ ಬಿಂದುಗಳ ಕಡತದ ಪ್ರತಿ ನಿನ್ನ ಹತ್ತಿರ ಇಟ್ಟುಕೋ ಅಂದೆ. ಅಳೆಯಲು ಹೋದಾಗ ಅವನ ತೋಟದ ಮೂಲೆಯೊಂದು ಪಹಣಿಯಲ್ಲಿ ಅಣ್ಣನ ಹೆಸರಿನಲ್ಲಿರುವುದು ಗೊತ್ತಾಯಿತು. ಈಗ ಮೊದಲು ಆ ಕೆಲಸ ನಡೆಯುತ್ತಿದೆ.

ನಿಮ್ಮೂರಿಗೂ ಯಾರಾದರೂ ಬಂದರೆ ಅವರ ಎದುರಿಗೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಂದು ಚೀಲ ದಾಖಲಿಸಿ ತೋರಿಸಿ ಅನ್ನಿ. ಬೇಕೆಂದೇ ತೂಕ ತಪ್ಪು ಹಾಕಿ, ಇದನ್ನು ಸರಿ ಮಾಡುವುದು ಹೇಗೆ ಅಂತ ಕೇಳಿ. ಒಳ್ಳೆಯ ವ್ಯವಸ್ಥೆಯಲ್ಲಿ ಹಳೆಯದು ಉಳಿದು, ಕೆಳಗೆ ತಿದ್ದುಪಡಿ ಅಂತ ಹೊಸ ಸಾಲು ಬರುತ್ತದೆ. ನಮ್ಮಲ್ಲಿಗೆ ಬಂದವರು ಎರಡನೇ ಪ್ರಶ್ನೆಗೆ "ಆಫೀಸಿಗೆ ಫೋನ್ ಮಾಡಿ, ನಾವು ಅಲ್ಲಿಂದಲೇ ಬದಲಾಯಿಸುತ್ತೇವೆ" ಅಂದರು. ಕಾಫಿ ಕೊಟ್ಟು ಕಳಿಸಿದೆವು.